ಹಿಡಿದು ಕೂತ ಡ್ರಮ್ಮಿಗೆ ಸುತ್ತಿಗೆ ಎತ್ತುವ ಮುನ್ನ

ಕಾರಿನ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮು ಎಳೆದರೂ ಬರುತ್ತಿಲ್ಲವೆಂದರೆ ಅದನ್ನು ಏನೋ ಹಿಡಿದುಕೊಂಡಿದೆ. ಹಿಡಿದಿರುವುದು ಏನೆಂದು ತಿಳಿಯುವ ತನಕ ಸುತ್ತಿಗೆ ಪೆಟ್ಟಿಗೆಯಲ್ಲೇ ಇರಲಿ. ಮನೆಯ ಅಂಗಳದಲ್ಲೇ ಈ ಕೆಲಸ ಮಾಡಲು ಹೊರಟಿರುವ ನಿನಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮುಂದೆ ಬರುವುದೆಲ್ಲ ಇದರ ವಿವರ.

ಮದುಕ್ಕರೈಯಲ್ಲಿ ಈ ತೊಂದರೆ ಯಾಕೆ ಇಷ್ಟು ಸಾಮಾನ್ಯ ಎಂಬುದನ್ನು ಮೊದಲು ಗಮನಿಸು. ನಮ್ಮೂರು ಪಾಲಕ್ಕಾಡು ಕಣಿವೆಯ ಬಾಗಿಲಲ್ಲಿ ಕೂತಿದೆ. ಜೂನ್ ತಿಂಗಳಲ್ಲಿ ಕೇರಳದ ಕಡೆ ಮುಂಗಾರು ಹಿಡಿದರೆ ವಾಳಯಾರಿನ ದಿಕ್ಕಿನಿಂದ ತೇವದ ಗಾಳಿಯೂ ತುಂತುರೂ ನಮ್ಮ ಮನೆಯಂಗಳಕ್ಕೆ ಬರುತ್ತವೆ. ಅದು ಕಳೆದು ಬೆವರು ಆರುವಷ್ಟರಲ್ಲಿ ಅಕ್ಟೋಬರ್, ನವೆಂಬರಿನ ಹಿಂಗಾರು. ಇನ್ನು ನಮ್ಮ ಮಕ್ಕಳ ಕಥೆ. ಕೋಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ಕನ್ನಡ ಆಡುತ್ತ ಬಂದಿರುವ ದೇವಾಂಗರ, ಒಕ್ಕಲಿಗರ ಮನೆಗಳಿಂದ ಈಗ ಹುಡುಗ ಹುಡುಗಿಯರು ಬೆಂಗಳೂರಿಗೋ ಚೆನ್ನೈಗೋ ಕೊಲ್ಲಿ ದೇಶಕ್ಕೋ ಕೆಲಸಕ್ಕೆ ಹೋಗುತ್ತಾರೆ. ಅಪ್ಪನ ಹಳೆಯ ಕಾರು ಶೀಟಿನ ಮಾಡಿನಡಿ ನಿಂತಿರುತ್ತದೆ. ಹೊರಡುವ ದಿನ ಅದನ್ನು ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಹ್ಯಾಂಡ್ ಬ್ರೇಕನ್ನು ಜೋರಾಗಿ ಎಳೆದು ಹೋಗುತ್ತೀರಿ. ಆರು ತಿಂಗಳು ಬಿಟ್ಟು ಬಂದು ನೋಡಿದರೆ ಹಿಂದಿನ ಚಕ್ರ ತಿರುಗುವುದಿಲ್ಲ. ತೊಳೆದದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಒದ್ದೆಯೂ ಆ ಹ್ಯಾಂಡ್ ಬ್ರೇಕೂ ಸೇರಿ ಡ್ರಮ್ಮಿನೊಳಗೆ ತುಕ್ಕಿನ ಬೆಸುಗೆ ಹಾಕಿವೆ.

ಡ್ರಮ್ಮಿನೊಳಗೆ ಏನಿದೆ ಎಂಬ ಚಿತ್ರ ಕಣ್ಣಿಗೆ ಕಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ಬಟ್ಟಲೇ ಡ್ರಮ್ಮು. ಅದರೊಳಗೆ ಬಿಲ್ಲಿನಂತೆ ಬಾಗಿದ ಎರಡು ಶೂಗಳು, ಅವುಗಳ ಮೈಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನಿಂಗು. ಪೆಡಲ್ ತುಳಿದಾಗ ಮೇಲಿರುವ ಪುಟ್ಟ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಶೂಗಳನ್ನು ಹೊರಕ್ಕೆ ತಳ್ಳುತ್ತವೆ, ಲೈನಿಂಗು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತದೆ. ಕಾಲು ತೆಗೆದರೆ ಸ್ಪ್ರಿಂಗುಗಳು ಶೂಗಳನ್ನು ಒಳಕ್ಕೆ ಎಳೆಯುತ್ತವೆ. ಹ್ಯಾಂಡ್ ಬ್ರೇಕಿನ ಕೇಬಲ್ಲು ಅದೇ ಶೂಗಳನ್ನು ಒಂದು ಸನ್ನೆಕೋಲಿನಿಂದ ಅಗಲಿಸುತ್ತದೆ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ರೂಪಿಸಿದ ಡ್ರಮ್ ಬ್ರೇಕಿನ ತತ್ವ ಇಂದಿಗೂ ಹೆಚ್ಚು ಬದಲಾಗಿಲ್ಲ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನ ಚಕ್ರಕ್ಕೆ ಕೆಲಸ ಕಡಿಮೆ. ಅದಕ್ಕೇ ನಮ್ಮ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕು ಬಂದರೂ ಹಿಂದೆ ಡ್ರಮ್ಮು ಉಳಿದುಕೊಂಡಿದೆ.

ಇದರ ಜೊತೆಗೆ ಇನ್ನೊಂದು ಭಾಗವಿದೆ, ಸೆಲ್ಫ್ ಅಡ್ಜಸ್ಟರ್. ಲೈನಿಂಗು ಸವೆದಂತೆಲ್ಲ ಇದು ಶೂಗಳನ್ನು ಹಲ್ಲುಹಲ್ಲಾಗಿ ಹೊರಕ್ಕೆ ಸರಿಸುತ್ತ ಹೋಗುತ್ತದೆ, ತಾನಾಗಿ ಹಿಂದಕ್ಕೆ ಬರುವುದಿಲ್ಲ. ಡ್ರಮ್ಮಿನ ಒಳಮೈ ಶೂ ಒತ್ತುವ ಜಾಗದಲ್ಲಿ ಮಾತ್ರ ಸವೆದು, ಬಾಯಿಯ ಅಂಚು ಸವೆಯದೆ ಉಳಿದು, ತಲೆಮಾರುಗಳ ಕಾಲ ರುಬ್ಬಿದ ಒರಳಿನಂತೆ ಒಳಗೆ ಅಗಲ, ಬಾಯಿಯಲ್ಲಿ ಕಿರಿದಾಗುತ್ತದೆ. ಅಗಲಿಸಿ ನಿಂತ ಶೂಗಳು ಆ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಆಗ ನೀನು ಎಷ್ಟು ಬಲವಾಗಿ ಎಳೆದರೂ ಡ್ರಮ್ಮು ಎರಡು ಮಿಲಿಮೀಟರು ಮುಂದೆ ಬಂದು ನಿಂತುಬಿಡುತ್ತದೆ. ಈ ಲಕ್ಷಣ ನೆನಪಿಡು: ಡ್ರಮ್ಮು ಸ್ವಲ್ಪವೂ ಅಲುಗದಿದ್ದರೆ ಅದು ಕೂರುವ ಹಬ್ಬಿನ ತುಕ್ಕು, ಸ್ಕ್ರೂ ಅಥವಾ ನಟ್ಟು ಹಿಡಿದಿದೆ. ಸ್ವಲ್ಪ ಬಂದು ನಿಂತರೆ ಶೂ ಹಿಡಿದಿದೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ನಿನ್ನ ಜೀವದ ಮಾತು. ಹಿಂದಿನ ಬ್ರೇಕ್ ಬಿಚ್ಚುವಾಗ ಹ್ಯಾಂಡ್ ಬ್ರೇಕ್ ಇಳಿಸಿರಲೇಬೇಕು. ಅಂದರೆ ಕಾರನ್ನು ತಡೆದು ನಿಲ್ಲಿಸಲು ಅದು ಇಲ್ಲ. ಸಮತಟ್ಟಾದ ಗಟ್ಟಿ ನೆಲ ಹುಡುಕು. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡು. ಮುಂದಿನ ಚಕ್ರ ಎಳೆಯುವ ಕಾರಾದರೆ ಗೇರಿನಲ್ಲೂ ನಿಲ್ಲಿಸು. ಚಕ್ರದ ನಟ್ಟುಗಳನ್ನು ಟೈರು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕಿ ಹಾಕಿ ಎತ್ತು. ಎತ್ತಿದ ಮೇಲೆ ಕಾರು ಜಾಕಿಯ ಮೇಲೆ ನಿಲ್ಲಬಾರದು, ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಬೇಕು. ನಮ್ಮದು ಸಿಮೆಂಟಿನ ಊರು. ಎಸಿಸಿ ಕಾರ್ಖಾನೆಯ ನೆರಳಲ್ಲಿ ಬೆಳೆದ ನಮ್ಮ ಮನೆಗಳ ಹಿತ್ತಲಲ್ಲಿ ಒಂದೆರಡು ಹಾಲೋ ಬ್ಲಾಕ್ ಬಿದ್ದೇ ಇರುತ್ತವೆ, ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಬೇಡ. ಹಾಲೋ ಬ್ಲಾಕು ಗೋಡೆಯಲ್ಲಿ ಸಾಲಾಗಿ ಹರಡಿದ ಭಾರ ಹೊರಲು ಮಾಡಿದ್ದು. ಕಾರಿನ ಭಾರ ಒಂದೇ ಬಿಂದುವಿನ ಮೇಲೆ ಕೂತರೆ ಮುನ್ಸೂಚನೆಯಿಲ್ಲದೆ ಸೀಳಿ ಪುಡಿಯಾಗುತ್ತದೆ. ಇಟ್ಟಿಗೆಯೂ ಹಾಗೆಯೇ. ಸ್ಟ್ಯಾಂಡ್ ಇಲ್ಲದಿದ್ದರೆ ಬಾಡಿಗೆಗೆ ತಾ, ಇಲ್ಲವೇ ಕೆಲಸ ನಾಳೆಗಿಡು. ಡ್ರಮ್ಮನ್ನು ಜೋರಾಗಿ ಎಳೆದಾಗ ಕಾರೇ ಅಲ್ಲಾಡುತ್ತದೆ ಎಂಬುದನ್ನು ಮರೆಯಬೇಡ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ತಳ್ಳಿಡು. ಏನಾದರೂ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ಒಬ್ಬನೇ ಮಾಡಬೇಡ, ತಂಗಿಯನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆದುಕೋ.

ಈಗ ಹುಡುಕಾಟ. ಮೊದಲ ಅನುಮಾನ ಹ್ಯಾಂಡ್ ಬ್ರೇಕಿನ ಕೇಬಲ್ಲಿನ ಮೇಲೆ. ಲಿವರ್ ಕೆಳಗಿಳಿದ ಮಾತ್ರಕ್ಕೆ ಕೇಬಲ್ಲು ಹಿಂದಕ್ಕೆ ಬಂದಿದೆ ಎಂದುಕೊಳ್ಳಬೇಡ. ತುಕ್ಕು ಹಿಡಿದ ಕೇಬಲ್ಲು ತನ್ನ ಕೊಳವೆಯೊಳಗೇ ಕಚ್ಚಿಕೊಂಡು ಶೂಗಳನ್ನು ಅಗಲಿಸಿಯೇ ಇಟ್ಟಿರುತ್ತದೆ. ಲಿವರಿನ ಬುಡದಲ್ಲಿರುವ ಅಡ್ಜಸ್ಟಿಂಗ್ ನಟ್ಟನ್ನು ಪೂರ್ತಿ ಸಡಿಲಿಸಿ, ಹಿಂದೆ ಹೋಗಿ ಕೇಬಲ್ಲನ್ನು ಕೈಯಿಂದ ಎಳೆದು ಬಿಟ್ಟು ನೋಡು. ಎಷ್ಟೋ ಡ್ರಮ್ಮುಗಳು ಇಷ್ಟಕ್ಕೇ ಕಳಚಿ ಬರುತ್ತವೆ.

ಎರಡನೆಯದು, ಡ್ರಮ್ಮನ್ನು ಬೇಕೆಂದೇ ಕಟ್ಟಿ ಹಾಕಿರುವ ಸ್ಕ್ರೂ ಅಥವಾ ನಟ್ಟು. ಕೆಲವು ಕಾರುಗಳಲ್ಲಿ ಡ್ರಮ್ಮಿನ ಮುಖದಲ್ಲಿ ತಲೆ ಹುದುಗಿದ ಒಂದೆರಡು ಸ್ಕ್ರೂಗಳಿರುತ್ತವೆ. ಧೂಳು, ಬಣ್ಣ, ತುಕ್ಕು ಮೆತ್ತಿ ಅವು ಕಣ್ಣಿಗೇ ಬೀಳುವುದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ ನೋಡು. ಮಾರುತಿ 800, ಹಳೆಯ ಆಲ್ಟೊದಂಥ ಕಾರುಗಳ ಸಂಗತಿಯೇ ಬೇರೆ. ಅವುಗಳಲ್ಲಿ ಡ್ರಮ್ಮೂ ಹಬ್ಬೂ ಒಂದೇ, ಬೇರಿಂಗು ಅದರೊಳಗೇ ಕೂತಿರುತ್ತದೆ. ನಡುವಿನ ಮುಚ್ಚಳ ತೆಗೆದು ದೊಡ್ಡ ನಟ್ಟನ್ನು ಬಿಚ್ಚದೆ ಅದು ಬರುವುದಿಲ್ಲ, ಬಿಚ್ಚಿದ ಮೇಲೂ ಕೆಲವೊಮ್ಮೆ ಜಾರುವ ಸುತ್ತಿಗೆಯಂಥ ಪುಲ್ಲರ್ ಬೇಕಾಗುತ್ತದೆ. ನಿನ್ನ ಕಾರು ಯಾವ ಜಾತಿಯದು ಎಂದು ಅದರ ಕೈಪಿಡಿಯಲ್ಲಿ ನೋಡದೆ ಎಳೆಯತೊಡಗಿದರೆ ಬೇರಿಂಗು ಹಾಳಾಗುತ್ತದೆ. ಆ ನಟ್ಟನ್ನು ಮತ್ತೆ ಹಾಕುವಾಗ ಕಂಪನಿ ಹೇಳಿದ ಟಾರ್ಕಿಗೇ ಬಿಗಿಯಬೇಕು, ನಟ್ಟು ಕದಲದಂತೆ ತಡೆಯುವ ಪಿನ್ನಿದ್ದರೆ ಅದು ಹೊಸದಿರಬೇಕು.

ಇವೆರಡೂ ಅಲ್ಲ, ಡ್ರಮ್ಮು ಕದಲುವುದೇ ಇಲ್ಲ ಎಂದರೆ ಹಬ್ಬಿನ ನಡುವಿನ ಉಬ್ಬಿಗೂ ಡ್ರಮ್ಮಿನ ನಡುಗಂಡಿಗೂ ತುಕ್ಕು ಬೆಸೆದಿದೆ. ಅಲ್ಲಿ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸು. ನಡುಗಂಡಿಯ ಸುತ್ತ ಹಾಗೂ ಚಕ್ರದ ನಟ್ಟು ಹಾಕುವ ಸ್ಟಡ್ಡುಗಳ ಬುಡದಲ್ಲಿ ಸ್ವಲ್ಪವೇ ಹಾಕಿ ಕಾಯಬೇಕು. ಈ ಕಾಯುವುದು ನಿಮ್ಮ ವಯಸ್ಸಿಗೆ ಕಷ್ಟ ಎಂದು ನನಗೆ ಗೊತ್ತು. ಎಣ್ಣೆ ಕೂದಲೆಳೆಯ ಸಂದಿನಲ್ಲಿ ನಿಧಾನವಾಗಿ ಇಳಿಯುತ್ತದೆ, ಅದಕ್ಕೆ ಅವಸರವಿಲ್ಲ. ಸಂಜೆ ಹಾಕಿ ಬೆಳಿಗ್ಗೆ ಕೈ ಹಾಕುವುದು ಉತ್ತಮ. ನಮ್ಮ ಕಾಲದಲ್ಲಿ ಸೀಮೆಎಣ್ಣೆ ಹಾಕುತ್ತಿದ್ದರು. ಯಾವ ಎಣ್ಣೆಯಾದರೂ ಒಳಗಿನ ಲೈನಿಂಗಿಗೆ ತಾಗಿತೆಂದರೆ ಆ ಶೂ ಕೆಟ್ಟಂತೆಯೇ, ತೊಳೆದು ಮತ್ತೆ ಬಳಸುವ ಯೋಚನೆ ಮಾಡಬೇಡ.

ಈಗ ಸುತ್ತಿಗೆ. ಅದನ್ನು ಹೇಗೆ ಬಳಸಬೇಕು ಎಂದು ತಿಳಿಯಲು ಡ್ರಮ್ಮಿನ ಲೋಹ ಎಂಥದೆಂದು ತಿಳಿದಿರಬೇಕು. ಗಣಪತಿ, ಪೀಳಮೇಡಿನ ಕಡೆ ಹೋಗಿದ್ದರೆ ಫೌಂಡ್ರಿಗಳನ್ನು ನೋಡಿರುತ್ತೀಯ. ಕೋಯಮತ್ತೂರಿನ ಪಂಪು, ಗ್ರೈಂಡರುಗಳ ಹೆಸರಿನ ಹಿಂದೆ ಇರುವುದು ಈ ಎರಕದ ಕೆಲಸವೇ. ಬ್ರೇಕ್ ಡ್ರಮ್ಮನ್ನು ಎರೆಯುವ ಬೂದು ಬೀಡಿನೊಳಗೆ ಇಂಗಾಲ ಗ್ರಾಫೈಟಿನ ಸಣ್ಣ ಸಣ್ಣ ಹಾಳೆಗಳಾಗಿ ಹರಡಿರುತ್ತದೆ. ಆ ಹಾಳೆಗಳು ಶಾಖವನ್ನು ಬೇಗ ಹರಡುತ್ತವೆ, ಕಂಪನವನ್ನು ನುಂಗುತ್ತವೆ, ಉಜ್ಜಾಟವನ್ನು ತಾಳುತ್ತವೆ. ಬ್ರೇಕಿಗೆ ಇದಕ್ಕಿಂತ ಒಳ್ಳೆಯ ಲೋಹ ಅಗ್ಗದಲ್ಲಿ ಸಿಗುವುದಿಲ್ಲ. ಆದರೆ ಅದೇ ಹಾಳೆಗಳು ಒಳಗೊಳಗೇ ಇರುವ ಬಿರುಕುಗಳಂತೆ ವರ್ತಿಸುತ್ತವೆ. ಬೀಡು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನೂ ಬಾಗುವಿಕೆಯನ್ನೂ ಅಷ್ಟು ತಡೆಯುವುದಿಲ್ಲ. ಉಕ್ಕು ಬಗ್ಗಿ ಎಚ್ಚರಿಸುತ್ತದೆ, ಬೀಡು ಎಚ್ಚರಿಸದೆ ಸೀಳುತ್ತದೆ.

ಆದ್ದರಿಂದ ಡ್ರಮ್ಮಿನ ಹೊರ ಅಂಚಿಗೆ ಹಿಂದಿನಿಂದ ಹೊಡೆಯಬೇಡ. ಅಲ್ಲಿ ಹೊಡೆದರೆ ತುಂಡು ಎಗರುತ್ತದೆ, ಇಲ್ಲವೇ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಚಪ್ಪಟೆ ಮುಖದಲ್ಲಿ, ಸ್ಟಡ್ಡುಗಳ ನಡುವಿನ ಜಾಗದಲ್ಲಿ, ಮರದ ತುಂಡು ಅಡ್ಡವಿಟ್ಟು ಅಥವಾ ತಾಮ್ರದ ಸುತ್ತಿಗೆಯಿಂದ ತಟ್ಟು. ಒಂದು ಪೆಟ್ಟು, ಡ್ರಮ್ಮನ್ನು ಸ್ವಲ್ಪ ತಿರುಗಿಸು, ಇನ್ನೊಂದು ಪೆಟ್ಟು. ಉದ್ದೇಶ ಡ್ರಮ್ಮನ್ನು ಹೊರಗೆ ಹಾರಿಸುವುದಲ್ಲ, ತುಕ್ಕಿನ ಪದರವನ್ನು ನಡುಗಿಸಿ ಪುಡಿ ಮಾಡುವುದು. ಕಿವಿಗೊಟ್ಟು ಕೇಳು. ಹಿಡಿದಿರುವ ಡ್ರಮ್ಮಿನ ಸದ್ದು ಒಂದು ಬಗೆ, ಬಿಡಿಸಿಕೊಂಡ ಡ್ರಮ್ಮಿನದು ಇನ್ನೊಂದು ಬಗೆ. ವ್ಯತ್ಯಾಸ ನಿನಗೇ ತಿಳಿಯುತ್ತದೆ. ಸ್ಟಡ್ಡಿನ ಮರೆಗಳಿಗೆ, ಅಂದರೆ ತಿರುಪಿನ ಎಳೆಗಳಿಗೆ, ಸುತ್ತಿಗೆ ತಾಗದಿರಲಿ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡು.

ಡ್ರಮ್ಮಿನ ಮುಖದಲ್ಲಿ ಮರೆ ಕೊರೆದ ಎರಡು ಖಾಲಿ ತೂತುಗಳಿವೆಯೇ ನೋಡು. ಬಹಳ ಕಾರುಗಳಲ್ಲಿ ಇರುತ್ತವೆ, ಬಹಳ ಜನ ಅವನ್ನು ಗಮನಿಸುವುದೇ ಇಲ್ಲ. ಕಾರು ಮಾಡಿದವರು ಈ ಗಳಿಗೆಗೆಂದೇ ಇಟ್ಟ ತೂತುಗಳು ಅವು. ಸಾಮಾನ್ಯವಾಗಿ 8 ಮಿಲಿಮೀಟರಿನ ಬೋಲ್ಟು ಹಿಡಿಸುತ್ತದೆ. ಎರಡು ಬೋಲ್ಟುಗಳನ್ನು ಕೈಯಿಂದ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಿಡಿ. ಆ ಬೋಲ್ಟು ಸಾಮಾನ್ಯವಾಗಿ ಒಂದು ಸುತ್ತು ತಿರುಗಿದರೆ 1.25 ಮಿಲಿಮೀಟರ್ ಮುಂದೆ ಹೋಗುತ್ತದೆ, ಕಾಲು ಸುತ್ತು ತಿರುಗಿದರೆ ಸುಮಾರು 0.3 ಮಿಲಿಮೀಟರ್. ಈ ಬೋಲ್ಟಿಗೆ ಕಾಲು ಸುತ್ತು, ಆ ಬೋಲ್ಟಿಗೆ ಕಾಲು ಸುತ್ತು. ಡ್ರಮ್ಮು ನೇರವಾಗಿ ಹೊರಬರಬೇಕು, ಓರೆಯಾಗಬಾರದು. ಒಂದನ್ನೇ ಬಿಗಿಯುತ್ತ ಹೋದರೆ ಅದು ಓರೆಯಾಗಿ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕೈಗೆ ತುಂಬ ಬಿಗಿ ಸಿಕ್ಕಿತೆಂದರೆ ನಿಲ್ಲಿಸು, ಇನ್ನಷ್ಟು ಎಣ್ಣೆ ಹಾಕು, ಮುಖಕ್ಕೆ ತಟ್ಟು, ಮತ್ತೆ ತಿರುಗಿಸು.

ಬೆಂಕಿ ತರಬೇಡ. ಗ್ಯಾಸ್ ಟಾರ್ಚ್ ಇಟ್ಟರೆ ಡ್ರಮ್ಮು ಹಿಗ್ಗುತ್ತದೆ ಎಂಬುದು ನಿಜ. ಆದರೆ ಅದರ ಬೆನ್ನಿಗೇ ಸಿಲಿಂಡರಿನ ರಬ್ಬರು, ಬೇರಿಂಗಿನ ಗ್ರೀಸು, ಉರಿಯಬಲ್ಲ ಬ್ರೇಕ್ ಆಯಿಲು, ನೀನೇ ಸಿಂಪಡಿಸಿದ ಎಣ್ಣೆ ಎಲ್ಲವೂ ಇವೆ. ಮನೆಯಂಗಳದಲ್ಲಿ ಆ ಸಾಹಸ ಬೇಡವೇ ಬೇಡ.

ಡ್ರಮ್ಮು ಸ್ವಲ್ಪ ಬಂದು ನಿಂತರೆ ಶೂಗಳನ್ನು ಕುಗ್ಗಿಸಬೇಕು. ಶೂಗಳನ್ನು ಹೊತ್ತಿರುವ ಹಿಂಬದಿಯ ಬ್ಯಾಕ್ ಪ್ಲೇಟಿನಲ್ಲಿ ರಬ್ಬರಿನ ಬಿರಡೆ ಹಾಕಿದ ಕಿಂಡಿ ಇರುತ್ತದೆ. ಬಿರಡೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಅಡ್ಜಸ್ಟರ್ ಕಾಣುತ್ತದೆ. ಹಲ್ಲಿನ ಚಕ್ರದ ಬಗೆಯದಾದರೆ ಒಂದು ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ತಡೆಯುವ ನಾಲಗೆಯನ್ನು ಸರಿಸಿ ಹಿಡಿದು, ಇನ್ನೊಂದರಿಂದ ಹಲ್ಲುಗಳನ್ನು ಹಿಮ್ಮುಖ ತಿರುಗಿಸಬೇಕು. ನಾಲಗೆ ಎತ್ತದೆ ತಿರುಗಿಸಿದರೆ ಹಲ್ಲು ಮುರಿಯುತ್ತವೆ. ಮಾರುತಿಯ ಹಲವು ಕಾರುಗಳಲ್ಲಿ ಆ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ ಶೂ ಹಿಡಿದಿರುವ ಸ್ಪ್ರಿಂಗನ್ನು ಒತ್ತಿದರೆ ಹ್ಯಾಂಡ್ ಬ್ರೇಕಿನ ಸನ್ನೆಕೋಲು ಇನ್ನಷ್ಟು ಹಿಂದಕ್ಕೆ ಸರಿದು ಶೂಗಳು ಸಡಿಲವಾಗುತ್ತವೆ. ಆಗಲೂ ಬಿಡದಿದ್ದರೆ ಸಿಲಿಂಡರಿನ ಬ್ಲೀಡರ್ ಸ್ಕ್ರೂ ಸ್ವಲ್ಪ ತೆರೆದು ನೋಡು. ಒಳಗೆ ಉಬ್ಬಿ ಮುಚ್ಚಿಕೊಂಡ ರಬ್ಬರ್ ಹೋಸು ಒತ್ತಡ ಹಿಡಿದಿಟ್ಟಿದ್ದರೆ ಆಯಿಲು ಚಿಮ್ಮಿ ಶೂಗಳು ಹಿಂದೆ ಬರುತ್ತವೆ. ಹಾಗಾದರೆ ಆ ಹೋಸನ್ನು ಬದಲಿಸಲೇಬೇಕು, ಬ್ಲೀಡ್ ಮಾಡಿ ಒಳಗಿನ ಗಾಳಿ ತೆಗೆಯದೆ ಕಾರು ಹೊರಡಬಾರದು.

ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಲೈನಿಂಗೇ ಡ್ರಮ್ಮಿಗೆ ಅಂಟಿರುತ್ತದೆ. ಅದನ್ನು ಬಿಡಿಸಲು ಎಂಜಿನ್ನಿನ ಬಲದಿಂದ ಕಾರನ್ನು ಜಗ್ಗಬೇಡ. ಲೈನಿಂಗು ಶೂನಿಂದ ಕಿತ್ತು ಬಂದು ಒಳಗೆ ಅಡ್ಡ ಬಿದ್ದರೆ ಕೆಲಸ ಹತ್ತು ಪಟ್ಟು ಹೆಚ್ಚುತ್ತದೆ. ಚಕ್ರ ಬಿಚ್ಚಿ ಡ್ರಮ್ಮಿನ ಮುಖಕ್ಕೂ ಸುತ್ತಿನ ಮೈಗೂ ಹಗುರಾಗಿ ತಟ್ಟುತ್ತ ಹೋದರೆ ಅಂಟು ಬಿಡುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ಕೊನೆಯ ದಾರಿ ಒಂದಿದೆ. ಬ್ಯಾಕ್ ಪ್ಲೇಟಿನ ಹಿಂಬದಿಯಲ್ಲಿ ಶೂ ಹಿಡಿದಿಡುವ ಪಿನ್ನುಗಳ ತಲೆಯನ್ನು ಉಳಿಯಿಂದ ಕತ್ತರಿಸಿದರೆ ಶೂಗಳ ಸಮೇತ ಡ್ರಮ್ಮು ಹೊರಬರುತ್ತದೆ. ಶೂ, ಪಿನ್ನು, ಸ್ಪ್ರಿಂಗು ಎಲ್ಲ ಹೊಸದು ಬೇಕಾಗುತ್ತದೆ. ಅವು ಕೈಯಲ್ಲಿಲ್ಲದೆ ಆ ದಾರಿ ಹಿಡಿಯಬೇಡ. ಅಷ್ಟು ದೂರ ಬಂದಿದ್ದರೆ ಮೆಕ್ಯಾನಿಕ್ಕನ್ನು ಕರೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸೋಲೇನೂ ಇಲ್ಲ.

ಡ್ರಮ್ಮು ಬಂದ ಗಳಿಗೆಯಲ್ಲಿ ಎಲ್ಲರೂ ಮಾಡುವುದು ಒಂದೇ, ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದುವುದು. ದಯವಿಟ್ಟು ಮಾಡಬೇಡ. ಹಳೆಯ ಲೈನಿಂಗುಗಳಲ್ಲಿ ಅಸ್ಬೆಸ್ಟಾಸ್ ಇರುತ್ತಿತ್ತು. ನಮ್ಮ ದೇಶದಲ್ಲಿ ಅದರ ಬಳಕೆಗೆ ಪೂರ್ತಿ ನಿಷೇಧ ಬಂದಿಲ್ಲ. ಅದರ ಎಳೆ ಶ್ವಾಸಕೋಶಕ್ಕೆ ಇಳಿದರೆ ರೋಗ ಕಾಣಿಸಿಕೊಳ್ಳುವುದು ಹತ್ತಾರು ವರ್ಷಗಳ ಮೇಲೆ, ಆಗ ವಾಸಿ ಮಾಡುವ ಮದ್ದಿಲ್ಲ. ಷೆಡ್ಡುಗಳಲ್ಲಿ ಗಾಳಿ ಪೈಪು ಹಿಡಿದು ಆ ಧೂಳನ್ನು ಹಾರಿಸುವುದನ್ನು ಇಂದಿಗೂ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿಕೋ, ಧೂಳನ್ನು ನೀರಿನಿಂದಲೋ ಬ್ರೇಕ್ ಕ್ಲೀನರಿನಿಂದಲೋ ನೆನೆಸಿ ಬಟ್ಟೆಯಲ್ಲಿ ಒರೆಸು, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆ. ಸಣ್ಣ ಮಕ್ಕಳು ಹತ್ತಿರ ಸುಳಿಯದಿರಲಿ. ಇನ್ನೊಂದು ಮಾತು, ಡ್ರಮ್ಮು ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು. ತಡೆಯಲು ಡ್ರಮ್ಮಿಲ್ಲದೆ ಪಿಸ್ಟನ್ನುಗಳು ಸಿಲಿಂಡರಿನಿಂದಲೇ ಹೊರಬೀಳುತ್ತವೆ.

ನಮ್ಮ ಜಿ.ಡಿ. ನಾಯ್ಡು ಅವರ ಕಥೆ ನಿನಗೆ ಗೊತ್ತಿರಬೇಕು. 1893ರಲ್ಲಿ ಕಲಂಗಲ್ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವರು. ಇಂಗ್ಲಿಷ್ ಅಧಿಕಾರಿಯೊಬ್ಬನ ರಡ್ಜ್ ಮೋಟಾರ್ ಬೈಕ್ ಕಂಡು ಮರುಳಾಗಿ, ಕೋಯಮತ್ತೂರಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದು ಹಣ ಕೂಡಿಸಿ, ಆ ಬೈಕನ್ನೇ ಕೊಂಡರು. ಕೊಂಡವರು ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಯಂತ್ರ ಏನೆಂದು ಕಲಿತರು. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಬಸ್ಸು ಓಡಿಸಿದರು, ಮುಂದೆ ದೊಡ್ಡ ಸಾರಿಗೆ ಸಂಸ್ಥೆ ಕಟ್ಟಿದರು, ಇಂಜಿನಿಯರಿಂಗ್ ಶಿಕ್ಷಣಕ್ಕೂ ಕೈ ಹಾಕಿದರು. ಆ ಕಥೆಯಲ್ಲಿ ಬಿಚ್ಚಿದ್ದಕ್ಕಿಂತ ಮತ್ತೆ ಜೋಡಿಸಿದ್ದೇ ನನಗೆ ದೊಡ್ಡದು. ಬ್ರೇಕಿನ ಕೆಲಸದಲ್ಲಿ ಅದಕ್ಕೊಂದು ಸುಲಭದ ದಾರಿಯಿದೆ. ಒಮ್ಮೆಗೆ ಒಂದು ಬದಿಯನ್ನು ಮಾತ್ರ ಬಿಚ್ಚು, ಅಲ್ಲಿಯ ತನಕ ಇನ್ನೊಂದು ಬದಿ ಮುಟ್ಟದೆ ಹಾಗೇ ಇರಲಿ. ಯಾವ ಸ್ಪ್ರಿಂಗು ಯಾವ ತೂತಿಗೆ ಎಂಬ ಗೊಂದಲ ಬಂದರೆ ಆ ಬದಿ ಉತ್ತರ ಹೇಳುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೋ. ಎಡದ ಅಡ್ಜಸ್ಟರಿನ ಮರೆಯೂ ಬಲದ್ದೂ ವಿರುದ್ಧ ದಿಕ್ಕಿನವಾಗಿರಬಹುದು, ಎರಡನ್ನೂ ಒಂದೇ ತಟ್ಟೆಗೆ ಹಾಕಬೇಡ.

ಒಳಗೆ ಏನು ನೋಡಬೇಕು? ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡು, ಒಳಗೆ ಆಯಿಲು ಇದ್ದರೆ ಸಿಲಿಂಡರಿನ ಆಯುಸ್ಸು ಮುಗಿದಿದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ, ಆ ನೀರೇ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಅದು ಕಾರಿನ ಬಣ್ಣಕ್ಕೆ ಬಿದ್ದರೆ ಬಣ್ಣವೂ ಏಳುತ್ತದೆ. ಡ್ರಮ್ಮಿನಲ್ಲಿ ಬಿರುಕಿದ್ದರೆ ಗುಜರಿಗೆ. ಗೀರು, ಅಂಚು ಇದ್ದರೆ ಕುರಿಚಿಯ ಸಿಡ್ಕೊ ಕಡೆ ಲೇತ್ ಇರುವವರ ಹತ್ತಿರ ಒಳಮೈ ಕಡೆಸಬಹುದು. ಆದರೆ ಡ್ರಮ್ಮಿನ ಮೇಲೆ ಗರಿಷ್ಠ ವ್ಯಾಸ ಎಷ್ಟೆಂದು ಅಚ್ಚು ಹಾಕಿರುತ್ತದೆ, ಅದನ್ನು ಮೀರಿ ಕಡೆಸಿದ ಡ್ರಮ್ಮು ತೆಳುವಾಗಿ ಬಿಸಿಗೆ ಸೀಳುತ್ತದೆ. ಶೂ ಬದಲಿಸಿದರೆ ಎರಡೂ ಬದಿ ಬದಲಿಸು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆ ಎಳೆಯುತ್ತದೆ.

ಮತ್ತೆ ಕೂರಿಸುವ ಮೊದಲು ಹಬ್ಬಿನ ಉಬ್ಬನ್ನು ತಂತಿ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿ ತಾಮ್ರದ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರು. ಬ್ಯಾಕ್ ಪ್ಲೇಟಿನಲ್ಲಿ ಶೂ ಜಾರುವ ಉಬ್ಬುಗಳಿಗೂ ಅಷ್ಟೇ ತೆಳ್ಳಗೆ. ಮುಂದಿನ ಸಲ ಡ್ರಮ್ಮು ಕೈಯಲ್ಲೇ ಬರುತ್ತದೆ. ಎಲ್ಲ ಮುಗಿದ ಮೇಲೆ ಪೆಡಲು ಗಟ್ಟಿಯಾಗುವ ತನಕ ತುಳಿ, ಆಮೇಲಷ್ಟೇ ಎಂಜಿನ್ ಚಾಲೂ ಮಾಡು. ಇನ್ನು ಮುಂದೆ ಕಾರು ತೊಳೆದರೆ ಸ್ವಲ್ಪ ದೂರ ಓಡಿಸಿ, ನಾಲ್ಕಾರು ಸಲ ಬ್ರೇಕ್ ಹಿಡಿದು, ಶೂ ಒಣಗಿಸಿ ನಿಲ್ಲಿಸು. ತಿಂಗಳುಗಟ್ಟಲೆ ಊರು ಬಿಡುವುದಿದ್ದರೆ ಸಮತಟ್ಟು ಜಾಗದಲ್ಲಿ ಗೇರು ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ಹೋಗು.

ಆಷಾಢ ಕಳೆದ ಮೇಲೆ ನೀವೆಲ್ಲ ತಾಳವಾಡಿ, ಚಾಮರಾಜನಗರ, ಕೊಳ್ಳೇಗಾಲದ ನೆಂಟರ ಮನೆಗಳಿಗೆ ಹೊರಡುತ್ತೀರಿ. ಕೊಳ್ಳೇಗಾಲ 1956ರ ತನಕ ನಮ್ಮ ಕೋಯಮತ್ತೂರು ಜಿಲ್ಲೆಗೇ ಸೇರಿತ್ತು, ಆ ಸಂಬಂಧಗಳು ಇನ್ನೂ ಕಡಿದಿಲ್ಲ. ದಾರಿಯಲ್ಲಿ ಬಣ್ಣಾರಿ ದಾಟಿದರೆ ದಿಂಬಂ ಘಾಟಿ, 27 ಕೊಂಡಿ ತಿರುವುಗಳು. ಹತ್ತುವಾಗ ಎಂಜಿನ್ನಿಗೆ ಪರೀಕ್ಷೆ, ಮರಳಿ ಇಳಿಯುವಾಗ ಬ್ರೇಕಿಗೆ. ಬಿಸಿಯಾದ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲು ಆಳಕ್ಕೆ ಹೋಗುತ್ತದೆ. ಅಂಗಳದಲ್ಲಿ ನಿನ್ನ ಕೈಯಾರೆ ಕಟ್ಟಿದ ಬ್ರೇಕಿಗೆ ಆ ಘಾಟಿ ಮೊದಲ ರಸ್ತೆ ಆಗಬಾರದು. ಮೊದಲು ನಮ್ಮೂರ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಹಿಡಿದು ನೋಡು, ಕಾರು ನೇರ ನಿಲ್ಲಬೇಕು. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯೇ ನೋಡು. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಎರಡೂ ಹಿಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿ, ಲೋಹ ಮುಟ್ಟಬೇಡ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲಿ ಶೂ ಉಜ್ಜುತ್ತಿದೆ, ಮತ್ತೆ ಬಿಚ್ಚು. ಚಕ್ರದ ನಟ್ಟುಗಳನ್ನು ಅಂದೇ ಸಂಜೆ ಇನ್ನೊಮ್ಮೆ ಬಿಗಿ ನೋಡಿಕೋ. ಇದೆಲ್ಲ ಸರಿಯಾದ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡು, ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿ.